ಮಂತ್ರಿ ಹೇಳಿದ್ದು, ಆದೇಶದಲ್ಲಿ ಇದ್ದದ್ದು

1943ರ ಮಾರ್ಚ್ 31ರಂದು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಲೇಬರ್ ಪಕ್ಷದ ರಿಚರ್ಡ್ ಸ್ಟೋಕ್ಸ್ ಒಂದು ಪ್ರಶ್ನೆ ಕೇಳಿದರು. ಸೈನಿಕ ಗುರಿಗಳನ್ನಷ್ಟೇ ಹೊಡೆಯದೆ ಇಡೀ ಪ್ರದೇಶದ ಮೇಲೆ ಬಾಂಬು ಸುರಿಯಬೇಕೆಂದು ನಮ್ಮ ವೈಮಾನಿಕರಿಗೆ ಯಾವಾಗಲಾದರೂ ಸೂಚನೆ ಹೋಗಿದೆಯೇ? ಸ್ಟೋಕ್ಸ್ ಯುದ್ಧವೆಂದರೆ ಏನೆಂದು ತಿಳಿಯದ ಮನುಷ್ಯರಲ್ಲ. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಮಿಲಿಟರಿ ಕ್ರಾಸ್ ಪಡೆದಿದ್ದವರು. ವಾಯುಖಾತೆಯ ಮಂತ್ರಿ ಸರ್ ಆರ್ಚಿಬಾಲ್ಡ್ ಸಿಂಕ್ಲೇರ್ ಕೊಟ್ಟ ಉತ್ತರ ಚಿಕ್ಕದು. ವಾಯುಸೇನೆಯ ಬಾಂಬು ದಾಳಿ ವಿಭಾಗವಾದ ಬಾಂಬರ್ ಕಮಾಂಡಿನ ಗುರಿಗಳು ಯಾವಾಗಲೂ ಸೈನಿಕ ಗುರಿಗಳೇ. ರಾತ್ರಿ ಹೊತ್ತಿನ ದಾಳಿಯಾದ್ದರಿಂದ ಆ ಗುರಿಗಳಿರುವ ಪ್ರದೇಶದ ಮೇಲೂ ಬಾಂಬು ಬೀಳುವುದು ಅನಿವಾರ್ಯ.

ಈ ಮಾತು ನಮಗೆ ಹೊಸದಲ್ಲ. ಯಾವ ದೇಶ ಯಾವ ದೇಶಕ್ಕೆ ತಿರುಗೇಟು ಕೊಟ್ಟರೂ ಮಾರನೆಯ ಬೆಳಿಗ್ಗೆ ವಕ್ತಾರರು ಮೈಕಿನ ಮುಂದೆ ಹೇಳುವುದು ಇದನ್ನೇ. ಅದು ನಿಜವೋ ಸುಳ್ಳೋ ಎಂದು ಆ ಹೊತ್ತಿನಲ್ಲಿ ನೋಡುವ ದಾರಿ ಇರುವುದಿಲ್ಲ. ಆದೇಶದ ಕಾಗದ ಬೀಗದೊಳಗಿರುತ್ತದೆ. ಸಿಂಕ್ಲೇರ್ ಅವರ ಉತ್ತರವನ್ನಾದರೆ ಈಗ ಒರೆಗೆ ಹಚ್ಚಬಹುದು. ಆ ಕಾಲದ ಕಡತಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ತೆರೆದಿವೆ. ಅವುಗಳಲ್ಲಿ ಮುಖ್ಯವಾದವು ಚಾರ್ಲ್ಸ್ ವೆಬ್‌ಸ್ಟರ್ ಮತ್ತು ನೋಬಲ್ ಫ್ರಾಂಕ್‌ಲ್ಯಾಂಡ್ ಬರೆದು 1961ರಲ್ಲಿ ಹೊರಬಂದ ನಾಲ್ಕು ಸಂಪುಟಗಳ ಅಧಿಕೃತ ಇತಿಹಾಸದಲ್ಲಿ ಅಚ್ಚಾಗಿವೆ. ಸಂಸತ್ತಿನ ನಡಾವಳಿಯಾದ ಹ್ಯಾನ್ಸಾರ್ಡನ್ನೂ ಯುದ್ಧಕಾಲದ ಮಂತ್ರಿಮಂಡಲದ ನಡಾವಳಿಯನ್ನೂ ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ಓದಬಹುದು.

ಈ ಪ್ರಕರಣವನ್ನೇ ಹಿಡಿಯಲು ಇನ್ನೊಂದು ಕಾರಣವಿತ್ತು. ಹಿಟ್ಲರನ ವಿರುದ್ಧ ನಡೆದ ಯುದ್ಧಕ್ಕಿಂತ ನ್ಯಾಯವಾದ ಯುದ್ಧವನ್ನು ಕಳೆದ ಶತಮಾನದಲ್ಲಿ ತೋರಿಸುವುದು ಕಷ್ಟ. ಊರುಗಳ ಮೇಲೆ ಮೊದಲು ಕೈಮಾಡಿದವರೂ ಜರ್ಮನರೇ: ವಾರ್ಸಾ, ರಾಟರ್‌ಡ್ಯಾಮ್, ಲಂಡನ್, ಕವೆಂಟ್ರಿ. ಪ್ರತೀಕಾರಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಸಿಗಲಾರದು. ಇಲ್ಲೇ ಅದು ನಿಲ್ಲದಿದ್ದರೆ ಬೇರೆಲ್ಲೂ ನಿಲ್ಲುವುದಿಲ್ಲ.

ಅಧಿಕೃತ ಇತಿಹಾಸದ ನಾಲ್ಕನೆಯ ಸಂಪುಟದಲ್ಲಿ ಇರುವುದು ಅನುಬಂಧಗಳು. ಕಥನ ಓದುವವರು ಸಾಮಾನ್ಯವಾಗಿ ಅದನ್ನು ತೆರೆಯುವುದಿಲ್ಲ. 1942ರ ಫೆಬ್ರವರಿ 14ರಂದು ವಾಯುಖಾತೆ ಬಾಂಬರ್ ಕಮಾಂಡಿಗೆ ಕಳಿಸಿದ ಆದೇಶ ಅದರಲ್ಲಿದೆ. ಇನ್ನು ಮುಂದೆ ನಿಮ್ಮ ದಾಳಿಗಳ ಮುಖ್ಯ ಉದ್ದೇಶ ಶತ್ರುದೇಶದ ನಾಗರಿಕರ, ಅದರಲ್ಲೂ ಕಾರ್ಖಾನೆಯ ಕೆಲಸಗಾರರ ಮನೋಬಲವನ್ನು ಮುರಿಯುವುದು ಎಂದು ಆದೇಶ ಹೇಳುತ್ತದೆ. ಮರುದಿನ ವಾಯುಸೇನೆಯ ಮುಖ್ಯಸ್ಥ ಚಾರ್ಲ್ಸ್ ಪೋರ್ಟಲ್ ತನ್ನ ಕೈಕೆಳಗಿನ ಅಧಿಕಾರಿಗೆ ಒಂದು ಟಿಪ್ಪಣಿ ಬರೆದರು. ಗುರಿ ಇಡಬೇಕಾದದ್ದು ಜನರು ಒತ್ತಾಗಿ ವಾಸಿಸುವ ಕಟ್ಟಡಗಳ ಪ್ರದೇಶಕ್ಕೆ, ಹಡಗುಕಟ್ಟೆಗಳಿಗೋ ವಿಮಾನ ಕಾರ್ಖಾನೆಗಳಿಗೋ ಅಲ್ಲ. ಇದು ಎಲ್ಲರಿಗೂ ಗೊತ್ತಾಗಿದೆಯಷ್ಟೇ, ಗೊತ್ತಾಗಿರದಿದ್ದರೆ ಖಚಿತವಾಗಿ ತಿಳಿಸಿಬಿಡಿ ಎಂಬುದು ಅದರ ತಾತ್ಪರ್ಯ.

ಈ ಟಿಪ್ಪಣಿಗೂ ಸಿಂಕ್ಲೇರ್ ಅವರ ಉತ್ತರಕ್ಕೂ ನಡುವೆ ಹದಿಮೂರು ತಿಂಗಳಿಗಿಂತ ಹೆಚ್ಚಿನ ಅಂತರವಿದೆ. ಅಂದರೆ ಸ್ಟೋಕ್ಸ್ ಕೇಳಿದ ಪ್ರಶ್ನೆಗೆ ಸತ್ಯವಾದ ಉತ್ತರ ‘ಹೌದು’ ಎಂದಾಗಿತ್ತು. ಇಲ್ಲೊಂದು ಮಾತು ಸೇರಿಸಬೇಕು. ಈ ನೀತಿಯ ಪಾಪವನ್ನೆಲ್ಲ ಬಾಂಬರ್ ಕಮಾಂಡಿನ ಮುಖ್ಯಸ್ಥ ಆರ್ಥರ್ ಹ್ಯಾರಿಸ್ ತಲೆಗೆ ಕಟ್ಟುವುದು ವಾಡಿಕೆ. ಹ್ಯಾರಿಸ್ ಆ ಹುದ್ದೆಗೆ ಬಂದದ್ದು ಫೆಬ್ರವರಿ 22ರಂದು, ಆದೇಶ ಹೊರಟು ಎಂಟು ದಿನಗಳಾದ ಮೇಲೆ. ಅವರು ಅದನ್ನು ಅತ್ಯುತ್ಸಾಹದಿಂದ ನಡೆಸಿಕೊಟ್ಟರು ನಿಜ, ಆದರೆ ಬರೆದವರು ಬೇರೆ.

ಬರೆದದ್ದೇಕೆ? ನನ್ನ ಎಣಿಕೆಯಲ್ಲಿ ಇದ್ದದ್ದು ಕವೆಂಟ್ರಿ. 1940ರ ನವೆಂಬರ್ 14ರ ರಾತ್ರಿ ಆ ಊರಿನಲ್ಲಿ 568 ಜನ ಸತ್ತರು. ಲಂಡನ್ ಮತ್ತಿತರ ಊರುಗಳ ಮೇಲೆ 1941ರ ಮೇ ತನಕ ನಡೆದ ದಾಳಿಗಳಲ್ಲಿ ಸತ್ತ ನಾಗರಿಕರು ಒಟ್ಟು 43 ಸಾವಿರದಷ್ಟು. ಇಷ್ಟನ್ನು ಉಂಡ ದೇಶ ಮುಯ್ಯಿ ತೀರಿಸಲು ಹೊರಟಿತು ಎಂದರೆ ಯಾರಿಗೂ ಅರ್ಥವಾಗುತ್ತದೆ. ಆದರೆ ಕಾಗದಗಳು ಬೇರೊಂದು ಕಡೆಗೆ ಕೈತೋರಿಸುತ್ತವೆ.

1941ರ ಆಗಸ್ಟ್ 18ರ ವರದಿಯೊಂದಿದೆ. ಬರೆದವರು ಡೇವಿಡ್ ಬೆನ್‌ಸುಸಾನ್ ಬಟ್ ಎಂಬ ಯುವ ಸರ್ಕಾರಿ ನೌಕರ. ಆ ಜೂನ್, ಜುಲೈ ತಿಂಗಳ ರಾತ್ರಿ ದಾಳಿಗಳಲ್ಲಿ ಬಾಂಬು ಬಿಟ್ಟ ಕ್ಷಣಕ್ಕೆ ವಿಮಾನದಿಂದ ತೆಗೆದ ಆರುನೂರಕ್ಕೂ ಹೆಚ್ಚು ಫೋಟೋಗಳನ್ನು ಅವರು ಒಂದೊಂದಾಗಿ ಪರೀಕ್ಷಿಸಿದರು. ಗುರಿ ಮುಟ್ಟಿದೆವು ಎಂದು ಬಂದು ಹೇಳಿದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯಿಂದ ಐದು ಮೈಲಿ ದೂರದೊಳಗೆ ಹೋಗಿತ್ತು. ಕಾರ್ಖಾನೆಗಳು ತುಂಬಿದ, ಹೊಗೆ ಮುಸುಕಿದ ರೂರ್ ಪ್ರದೇಶದಲ್ಲಿ ಹತ್ತಕ್ಕೆ ಒಂದು. ಐದು ಮೈಲಿ ಎಂದರೆ ಎಂಟು ಕಿಲೋಮೀಟರ್. ಮೆಜೆಸ್ಟಿಕ್ಕಿನಲ್ಲಿ ಹಾಕಬೇಕಾದ ಬಾಂಬು ಯಶವಂತಪುರ ದಾಟಿ ಬಿದ್ದರೂ ಅದು ಆ ಲೆಕ್ಕದಲ್ಲಿ ಗುರಿ ಮುಟ್ಟಿದ ಹಾಗೆಯೇ.

ಈ ವರದಿ ಕೈಗೆ ಬಂದಾಗ ಸರ್ಕಾರದ ಮುಂದೆ ಇದ್ದ ದಾರಿ ಎರಡು. ಕಾರ್ಖಾನೆಗಳನ್ನು ಹೊಡೆಯಲು ಆಗುತ್ತಿಲ್ಲ ಎಂದು ಒಪ್ಪಿ ವಿಮಾನಗಳನ್ನು ಅಟ್ಲಾಂಟಿಕ್ ಸಾಗರದಲ್ಲಿ ಜಲಾಂತರ್ಗಾಮಿಗಳ ಬೇಟೆಗೆ ಕಳಿಸುವುದು ಒಂದು. ನೌಕಾಪಡೆ ಅದನ್ನೇ ಬೇಡುತ್ತಿತ್ತು. ಹೊಡೆಯಲು ಸಾಧ್ಯವಾಗುವಷ್ಟು ದೊಡ್ಡದಾದ ಗುರಿಯನ್ನು ಹುಡುಕಿಕೊಳ್ಳುವುದು ಇನ್ನೊಂದು. ಎರಡನೆಯ ದಾರಿ ಹಿಡಿದರು. ರಾತ್ರಿಯಲ್ಲಿ ತಪ್ಪದೆ ಸಿಗುವಷ್ಟು ದೊಡ್ಡದು ಊರು ಮಾತ್ರ. ಫೆಬ್ರವರಿ 14ರ ಆದೇಶದ ಬುಡದಲ್ಲಿ ನನಗೆ ಕಂಡದ್ದು ಕವೆಂಟ್ರಿಯ ಸಂಕಟಕ್ಕಿಂತ ಹೆಚ್ಚಾಗಿ ಬಟ್ ವರದಿಯ ಅಸಹಾಯಕತೆ.

ಹಾಗಾದರೆ ನಿಜವಾದ ಪ್ರತೀಕಾರ ನಡೆಯಲೇ ಇಲ್ಲವೇ? ನಡೆದಿದೆ. ಅದರ ಜಾಡು ಹಿಡಿಯಲು 1940ಕ್ಕೆ ಹೋಗಬೇಕು. ಆ ವರ್ಷದ ಮೇ 10ರಂದು ಜರ್ಮನಿಯ ಫ್ರೈಬುರ್ಗ್ ಊರಿನ ಮೇಲೆ ಬಾಂಬು ಬಿದ್ದು 57 ಜನ ಸತ್ತರು. ಶತ್ರುಗಳು ಬೇಕೆಂದೇ ನಾಗರಿಕರನ್ನು ಕೊಂದರು, ಇದಕ್ಕೆ ಐದು ಪಟ್ಟು ತೀರಿಸುತ್ತೇವೆ ಎಂದು ನಾಜಿ ಪ್ರಚಾರಯಂತ್ರ ಸಾರಿತು. ಆ ಬಾಂಬುಗಳು ಜರ್ಮನಿಯವೇ. ಫ್ರಾನ್ಸಿನ ವಿಮಾನ ನಿಲ್ದಾಣಕ್ಕೆ ಹೊರಟ ಜರ್ಮನ್ ವಿಮಾನಗಳು ಮೋಡದಲ್ಲಿ ದಾರಿ ತಪ್ಪಿ ತಮ್ಮ ಊರಿನ ಮೇಲೆಯೇ ಸುರಿದಿದ್ದವು. ಇದು ಪೂರ್ತಿ ಸಾಬೀತಾದದ್ದು 1956ರಲ್ಲಿ, ಆಂಟನ್ ಹೋಖ್ ಎಂಬ ಇತಿಹಾಸಕಾರ ದಾಖಲೆಗಳನ್ನು ಜೋಡಿಸಿ ಲೇಖನ ಬರೆದ ಮೇಲೆ. ಹದಿನಾರು ವರ್ಷಗಳ ಕಾಲ ಆ 57 ಜನರ ಸಾವು ಸುಳ್ಳೊಂದಕ್ಕೆ ದುಡಿಯಿತು. ಯಾರು ಮೊದಲು ಹೊಡೆದರು ಎಂಬ ಪ್ರಶ್ನೆಗೆ ಬಿಸಿಬಿಸಿಯಾಗಿ ಬರುವ ಉತ್ತರವನ್ನು ನಂಬುವ ಮೊದಲು ಫ್ರೈಬುರ್ಗನ್ನು ನೆನೆಯಬೇಕು.

ಆಗಸ್ಟ್ 24ರ ರಾತ್ರಿ ಜರ್ಮನ್ ಬಾಂಬುಗಳು ಲಂಡನ್ ನಗರದೊಳಗೆ ಬಿದ್ದವು. ಅದು ಉದ್ದೇಶಿಸಿದ್ದಲ್ಲ ಎಂದೇ ಬಹುಪಾಲು ಇತಿಹಾಸಕಾರರ ಅಭಿಪ್ರಾಯ. ಮರುರಾತ್ರಿ ಬ್ರಿಟಿಷ್ ವಿಮಾನಗಳು ಬರ್ಲಿನ್‌ಗೆ ಹೋದವು. ಸೆಪ್ಟೆಂಬರ್ 4ರಂದು ಹಿಟ್ಲರ್ ನಿಮ್ಮ ಊರುಗಳನ್ನು ಅಳಿಸಿಹಾಕುತ್ತೇನೆಂದು ಗುಡುಗಿದ. 7ರಂದು ಲಂಡನ್ ಮೇಲಿನ ಬ್ಲಿಟ್ಜ್ ಶುರುವಾಯಿತು. ಪ್ರತಿ ಹೆಜ್ಜೆಯೂ ಹಿಂದಿನದಕ್ಕೆ ಉತ್ತರ, ಪ್ರತಿ ಉತ್ತರವೂ ಮುಂದಿನದಕ್ಕೆ ನೆಪ.

ಅದೇ ಸೆಪ್ಟೆಂಬರಿನಲ್ಲಿ ಪೋರ್ಟಲ್, ಆಗಿನ್ನೂ ಬಾಂಬರ್ ಕಮಾಂಡಿನ ಮುಖ್ಯಸ್ಥ, ಒಂದು ಸಲಹೆ ಕೊಟ್ಟಿದ್ದರು. ಇಪ್ಪತ್ತು ಜರ್ಮನ್ ಊರುಗಳ ಹೆಸರನ್ನು ರೇಡಿಯೊದಲ್ಲಿ ಓದಿ, ನಮ್ಮ ಒಂದು ಊರಿನ ಮೇಲೆ ಹೀಗೇ ದಾಳಿಯಾದರೆ ಇವುಗಳಲ್ಲಿ ಒಂದನ್ನು ಹೊಡೆಯುತ್ತೇವೆಂದು ಸಾರೋಣ ಎಂದು. ಆಗ ಅದು ಒಪ್ಪಿಗೆಯಾಗಲಿಲ್ಲ. ಕವೆಂಟ್ರಿಯ ನಂತರ ಡಿಸೆಂಬರಿನಲ್ಲಿ ಯುದ್ಧ ಮಂತ್ರಿಮಂಡಲ ಮನಸ್ಸು ಬದಲಿಸಿತು. ಡಿಸೆಂಬರ್ 16ರ ರಾತ್ರಿ ನೂರಕ್ಕೂ ಹೆಚ್ಚು ವಿಮಾನಗಳು ಮಾನ್‌ಹೈಮ್ ಊರಿಗೆ ಹೋದವು. ಬೆಂಕಿಬಾಂಬು ಹಾಕಿ ಊರ ನಡುವನ್ನು ಹೊತ್ತಿಸುವುದು, ಹಿಂದೆ ಬಂದವರು ಆ ಬೆಂಕಿಯನ್ನೇ ಗುರಿಯಾಗಿಟ್ಟುಕೊಳ್ಳುವುದು ಯೋಜನೆ. ಬಾಂಬುಗಳು ಚೆದುರಿ ಬಿದ್ದವು. 34 ಜನ ಸತ್ತರು.

ಈ ದಾಳಿಗೆ ಅನುಮತಿ ಕೊಟ್ಟ ಮಂತ್ರಿಮಂಡಲದ ನಡಾವಳಿಯಲ್ಲಿ ಒಂದು ವಾಕ್ಯವಿದೆ. ಇದನ್ನು ಕವೆಂಟ್ರಿ ಮುಂತಾದ ಊರುಗಳ ದಾಳಿಗೆ ಪ್ರತೀಕಾರವೆಂದು ಮೊದಲೇ ಪ್ರಕಟಿಸಕೂಡದು, ಆಮೇಲೆ ವಿಶೇಷ ಪ್ರಚಾರವನ್ನೂ ಕೊಡಕೂಡದು. ನಾನು ಹುಡುಕುತ್ತಿದ್ದದ್ದಕ್ಕೆ ಪೂರ್ತಿ ಉಲ್ಟಾ ಸಿಕ್ಕಿತು. ನಿಜವಾಗಿ ಸೇಡಿಗಾಗಿಯೇ ನಡೆದ ದಾಳಿಯನ್ನು ಸೇಡಲ್ಲವೆಂಬಂತೆ ನಡೆಸಿದರು. 1942ರಿಂದ ಲೆಕ್ಕಾಚಾರದ ಮೇಲೆ ನಡೆದ ದಾಳಿಗಳನ್ನು ಜನರ ಮುಂದೆ ಸೇಡೆಂದು ತೋರಿಸಿದರು. ಹ್ಯಾರಿಸ್ ಚಿತ್ರಮಂದಿರಗಳ ವಾರ್ತಾಚಿತ್ರದಲ್ಲಿ ಬೈಬಲ್ಲಿನ ಮಾತೊಂದನ್ನೆತ್ತಿ ಮಾಡಿದ್ದುಣ್ಣೋ ಮಾರಾಯ ಎಂಬರ್ಥದಲ್ಲಿ ಮಾತಾಡಿದರು. ಸಂಸತ್ತಿನಲ್ಲಿ ಅದೇ ದಾಳಿಗಳು ಸೈನಿಕ ಗುರಿಗಳ ಮೇಲಿನ ದಾಳಿಗಳಾದವು. ಜನಕ್ಕೆ ಒಂದು ಮುಖ, ಸಂಸತ್ತಿಗೆ ಒಂದು ಮುಖ, ಆದೇಶದಲ್ಲಿ ಮೂರನೆಯದು.

ಜನ ಸೇಡು ಕೇಳಿದರು ಎಂಬ ಮಾತನ್ನೂ ಪರೀಕ್ಷಿಸಿ ನೋಡಿದೆ. 1941ರ ವಸಂತದಲ್ಲಿ ಗ್ಯಾಲಪ್ ಸಂಸ್ಥೆ ಬ್ರಿಟನ್ನಿನ ಜನರನ್ನು ಕೇಳಿತ್ತು, ಜರ್ಮನಿಯ ನಾಗರಿಕರ ಮೇಲೆ ಬಾಂಬು ಹಾಕುವ ನೀತಿಯನ್ನು ಒಪ್ಪುತ್ತೀರಾ ಎಂದು. ಬಾಂಬು ಹೆಚ್ಚಾಗಿ ಬೀಳದ ಉತ್ತರದ ಕಂಬರ್‌ಲ್ಯಾಂಡ್, ವೆಸ್ಟ್‌ಮೋರ್‌ಲ್ಯಾಂಡ್ ಕಡೆಯಲ್ಲಿ ಶೇಕಡಾ 76 ಜನ ಒಪ್ಪಿದರು. ರಾತ್ರಿರಾತ್ರಿ ನೆಲಮಾಳಿಗೆಯಲ್ಲಿ ಮಲಗುತ್ತಿದ್ದ ಒಳ ಲಂಡನ್ನಿನಲ್ಲಿ ಒಪ್ಪಿದವರು 45, ಒಪ್ಪದವರು 47. ಬಾಂಬಿನ ರುಚಿ ಕಂಡವರಲ್ಲಿ ಅದನ್ನು ಇನ್ನೊಬ್ಬರಿಗೆ ಬಡಿಸುವ ಆಸೆ ಕಡಿಮೆ. ದೂರದಲ್ಲಿ ಸುರಕ್ಷಿತವಾಗಿ ಕೂತವರಲ್ಲಿ ಹೆಚ್ಚು. ಟಿವಿ ಸ್ಟುಡಿಯೊದ ತಂಪಿನಲ್ಲಿ ಕೂತು ಯುದ್ಧ ಕೇಳುವವರನ್ನು ನೋಡುವಾಗ ಈ ಅಂಕಿ ನನಗೆ ನೆನಪಾಗುತ್ತದೆ. ಗಡಿಯ ಪಕ್ಕದ ಹಳ್ಳಿಯವರು ಅಂಥ ಚರ್ಚೆಗಳಿಗೆ ಬಂದು ಕೂರುವುದು ಅಪರೂಪ.

ಇನ್ನು ಹಲ್ ಊರಿನ ಕಾಗದಗಳು. ಇಡೀ ಹುಡುಕಾಟದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಇವೇ. ಹಲ್ ಇಂಗ್ಲೆಂಡಿನ ಪೂರ್ವ ಕರಾವಳಿಯ ಬಂದರು. ಯುದ್ಧದಲ್ಲಿ ಅಲ್ಲಿ ಸುಮಾರು 1,200 ಜನ ಸತ್ತರು. ಹಾನಿಯಾಗದೆ ಉಳಿದ ಮನೆಗಳು ಬಹಳ ಕಡಿಮೆ. 1941ರ ಕೊನೆಯಿಂದ ಸರ್ಕಾರದ ಸಂಶೋಧಕರು ಅಲ್ಲಿಯೂ ಬರ್ಮಿಂಗ್‌ಹ್ಯಾಮ್‌ನಲ್ಲಿಯೂ ಸಮೀಕ್ಷೆ ನಡೆಸಿದರು. ಮುಖ್ಯಸ್ಥರು ಇಬ್ಬರು ಹೆಸರಾಂತ ವಿಜ್ಞಾನಿಗಳು, ಸಾಲಿ ಜಕರ್‌ಮನ್ ಮತ್ತು ಜೆ. ಡಿ. ಬರ್ನಾಲ್. ಬಾಂಬು ದಾಳಿ ಜನರ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂದು ತಿಳಿಯಲು ಹಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿದರು. ವಾಯುದಾಳಿಯಲ್ಲಿ ನನಗೇನಾಯಿತು, ನಾನೇನು ಮಾಡಿದೆ ಎಂಬುದು ವಿಷಯ. ಆ ಪ್ರಬಂಧಗಳು ಇಂದಿಗೂ ಉಳಿದಿವೆ.

ತಮ್ಮ ಮನೆ ಬಿದ್ದದ್ದನ್ನು, ನೆರೆಯವರು ಸತ್ತದ್ದನ್ನು ಕಾಪಿಪುಸ್ತಕದ ಅಕ್ಷರದಲ್ಲಿ ಬರೆದುಕೊಟ್ಟ ಮಕ್ಕಳಿಗೆ, ಈ ಸಮೀಕ್ಷೆಯ ಒಂದು ಉಪಯೋಗ ಬೇರೆ ದೇಶದ ಮಕ್ಕಳ ಮನೆ ಬೀಳಿಸುವ ಲೆಕ್ಕಕ್ಕೆ ಎಂದು ಯಾರೂ ಹೇಳಿರಲಾರರು.

ಆ ಲೆಕ್ಕ ಮಾಡಿದವರು ಚರ್ಚಿಲ್ಲರ ವೈಜ್ಞಾನಿಕ ಸಲಹೆಗಾರ ಲಾರ್ಡ್ ಚರ್ವೆಲ್, ಅಂದರೆ ಪ್ರೊಫೆಸರ್ ಲಿಂಡೆಮನ್. 1942ರ ಮಾರ್ಚ್ 30ರ ಅವರ ಟಿಪ್ಪಣಿ ಒಂದು ಪುಟದ ಗಣಿತ. ಒಂದು ಟನ್ ಬಾಂಬು ನೂರರಿಂದ ಇನ್ನೂರು ಜನರ ಮನೆ ಕೆಡವುತ್ತದೆ. ಒಂದು ಬಾಂಬರ್ ವಿಮಾನ ತನ್ನ ಆಯುಸ್ಸಿನಲ್ಲಿ ಸರಾಸರಿ ಹದಿನಾಲ್ಕು ಸಲ ಹಾರಿ ನಲವತ್ತು ಟನ್ ಹಾಕುತ್ತದೆ. ಅಲ್ಲಿಗೆ ನಾಲ್ಕರಿಂದ ಎಂಟು ಸಾವಿರ ಜನ ಮನೆ ಕಳೆದುಕೊಳ್ಳುತ್ತಾರೆ. ಜರ್ಮನಿಯಲ್ಲಿ ಲಕ್ಷಕ್ಕೂ ಹೆಚ್ಚು ಜನರಿರುವ 58 ಊರುಗಳಿವೆ, ಅವುಗಳಲ್ಲಿ ಎರಡು ಕೋಟಿ ಇಪ್ಪತ್ತು ಲಕ್ಷ ಜನರಿದ್ದಾರೆ. ಹತ್ತು ಸಾವಿರ ವಿಮಾನಗಳು ತಮ್ಮ ಬಾಂಬಿನಲ್ಲಿ ಅರ್ಧವನ್ನು ಈ ಊರುಗಳ ಮೇಲೆ ಹಾಕಿದರೂ ದೇಶದ ಮೂರನೆಯ ಒಂದು ಭಾಗ ಬೀದಿಗೆ ಬರುತ್ತದೆ. ಬಂಧುಗಳ ಸಾವಿಗಿಂತಲೂ ಮನೆ ಹೋದದ್ದಕ್ಕೆ ಜನ ಹೆಚ್ಚು ಕುಗ್ಗುತ್ತಾರೆಂದು ಸಮೀಕ್ಷೆಯಿಂದ ಕಾಣುತ್ತದೆ ಎಂದೂ ಹಲ್ಲಿನಲ್ಲಿ ಜನರ ಮನೋಬಲ ಕುಸಿಯುವ ಲಕ್ಷಣ ಕಂಡಿತೆಂದೂ ಅವರು ಬರೆದರು.

ಸಮೀಕ್ಷೆಯ ಅಂತಿಮ ವರದಿಯ ತಾರೀಕು ಏಪ್ರಿಲ್ 8. ಟಿಪ್ಪಣಿ ಹೊರಟ ಒಂಬತ್ತನೆಯ ದಿನ. ಜನರ ಮನೋಬಲ ಮುರಿದುಬಿದ್ದದ್ದಕ್ಕೆ ಎರಡೂ ಊರುಗಳಲ್ಲಿ ಪುರಾವೆ ಸಿಗಲಿಲ್ಲ ಎಂಬುದು ಅದರ ತೀರ್ಮಾನ. ಲಿಂಡೆಮನ್ ಹೇಳಿದ್ದಕ್ಕೂ ತಾವು ಕಂಡದ್ದಕ್ಕೂ ಇದ್ದ ಈ ವಿರೋಧವನ್ನು ಜಕರ್‌ಮನ್ 1978ರ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಗಣಿತವನ್ನೂ ಆಗಲೇ ಪ್ರಶ್ನಿಸಿದವರಿದ್ದರು. ಲಿಂಡೆಮನ್ ಅಂದಾಜು ಐದು ಪಟ್ಟು ಹೆಚ್ಚೆಂದು ವಿಜ್ಞಾನಿ ಹೆನ್ರಿ ಟಿಜರ್ಡ್, ಆರು ಪಟ್ಟು ಹೆಚ್ಚೆಂದು ಇನ್ನೊಬ್ಬ ವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ವಾದಿಸಿದರು. ಯಾರೂ ಕಿವಿಗೊಡಲಿಲ್ಲ. ಈ ಜಗಳ ಹೊರಜಗತ್ತಿಗೆ ತಿಳಿದದ್ದು 1960ರಲ್ಲಿ, ಲೇಖಕ ಸಿ. ಪಿ. ಸ್ನೋ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಟ್ಟಾಗ.

ಮನೆ ಸುಟ್ಟು ಜನರನ್ನು ಬಗ್ಗಿಸುವ ವಿದ್ಯೆಯ ಪಾಠಶಾಲೆ ಎಲ್ಲಿತ್ತು ಎಂಬುದನ್ನು ಭಾರತೀಯರಾದ ನಾವು ಮರೆಯಬಾರದು. ಹ್ಯಾರಿಸ್ 1920ರ ದಶಕದ ಆರಂಭದಲ್ಲಿ ನಮ್ಮ ವಾಯವ್ಯ ಗಡಿಯಲ್ಲಿ, ಆಮೇಲೆ ಇರಾಕಿನಲ್ಲಿ ಸ್ಕ್ವಾಡ್ರನ್ ನಡೆಸಿದವರು. ವಜಿರಿಸ್ತಾನದ ಬುಡಕಟ್ಟಿನವರು ಠಾಣೆಯೊಂದರ ಮೇಲೆ ಬಿದ್ದರೆ ಅವರ ಹಳ್ಳಿಗಳ ಮೇಲೆ ಚೀಟಿ ಎಸೆದು, ಆಮೇಲೆ ಬಾಂಬು ಎಸೆಯುವುದು ಅಲ್ಲಿ ಆಡಳಿತದ ಕ್ರಮವೇ ಆಗಿತ್ತು. 1930ರ ದಶಕದ ಆರಂಭದಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಬಾಂಬು ದಾಳಿಯನ್ನೇ ನಿಷೇಧಿಸುವ ಮಾತು ಬಂದಾಗ, ದೂರದ ಪ್ರದೇಶಗಳಲ್ಲಿ ಪೊಲೀಸು ಕೆಲಸಕ್ಕೆ ಮಾತ್ರ ಅದು ಬೇಕು ಎಂದು ವಿನಾಯಿತಿ ಕೇಳಿದ ದೇಶ ಬ್ರಿಟನ್.

1943ರ ಜುಲೈ 24ರಿಂದ ಆಗಸ್ಟ್ 3ರವರೆಗೆ ಹ್ಯಾಂಬರ್ಗ್ ನಗರದ ಮೇಲೆ ದಾಳಿ ನಡೆಯಿತು. 27ರ ರಾತ್ರಿ ಸಾವಿರಾರು ಬೆಂಕಿಗಳು ಒಂದಾಗಿ ಸುಳಿಗಾಳಿಯಂತೆ ಎದ್ದವು. ಒಟ್ಟು ಸತ್ತವರು ಸುಮಾರು 37 ಸಾವಿರ. ಕೆಲಸಗಾರರು ದಟ್ಟವಾಗಿ ವಾಸಿಸುತ್ತಿದ್ದ ಬಡಾವಣೆಗಳು ಅವು. ಆ ರಾತ್ರಿಯ ವಿವರಗಳನ್ನು ಇಲ್ಲಿ ಬರೆಯುವ ಮನಸ್ಸು ನನಗಿಲ್ಲ.

ಹ್ಯಾಂಬರ್ಗ್ ಆದ ಮೂರು ತಿಂಗಳಿಗೆ ಎರಡು ಕಾಗದಗಳು ಹುಟ್ಟಿದವು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದು ಅಕ್ಟೋಬರ್ 25ರಂದು ಹ್ಯಾರಿಸ್ ವಾಯುಖಾತೆಗೆ ಬರೆದ ಪತ್ರ. ನಾವು ಊರುಗಳನ್ನು ನಾಶಮಾಡುತ್ತಿದ್ದೇವೆ, ಕೆಲಸಗಾರರನ್ನು ಕೊಲ್ಲುತ್ತಿದ್ದೇವೆ, ನಾಗರಿಕ ಜೀವನವನ್ನೇ ಕೆಡವುತ್ತಿದ್ದೇವೆ. ಇವು ಕಾರ್ಖಾನೆ ಹೊಡೆಯುವಾಗ ಆಗುವ ಅಡ್ಡಪರಿಣಾಮಗಳಲ್ಲ, ಇವೇ ನಮ್ಮ ಉದ್ದೇಶ. ಇದನ್ನು ದೇಶಕ್ಕೆ ಬಿಚ್ಚಿ ಹೇಳಿ ಎಂದು ಅವರು ಒತ್ತಾಯಿಸಿದರು. ಇಲ್ಲದಿದ್ದರೆ ಸರ್ಕಾರ ಒಪ್ಪಿಕೊಳ್ಳಲು ನಾಚುವ ಕೆಲಸವನ್ನು ತಾವು ಮಾಡುತ್ತಿದ್ದೇವೆಂದು ವಿಮಾನದ ಹುಡುಗರು ಅಂದುಕೊಳ್ಳುತ್ತಾರೆ ಎಂಬುದು ಅವರ ಆತಂಕ. ಎರಡನೆಯದು ಮೂರು ದಿನಗಳ ನಂತರ, ಅಕ್ಟೋಬರ್ 28ರಂದು, ಸಿಂಕ್ಲೇರ್ ಪೋರ್ಟಲ್‌ಗೆ ಬರೆದ ಟಿಪ್ಪಣಿ. ಸೈನಿಕ ಗುರಿಗಳೆಂದೇ ಹೇಳುತ್ತಿದ್ದರೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮುಂತಾದ ಧರ್ಮಗುರುಗಳನ್ನು ಸಮಾಧಾನಪಡಿಸಬಹುದು. ಅವರು ಖಂಡಿಸಿದರೆ ವೈಮಾನಿಕರ ಮನಸ್ಸು ಕದಡೀತು ಎಂದು ಅದರಲ್ಲಿದೆ.

ಸ್ಟೋಕ್ಸ್‌ಗೆ ಕೊಟ್ಟ ಉತ್ತರ ಅಜ್ಞಾನದಿಂದ ಬಂದದ್ದಲ್ಲ ಎಂದು ನನಗೆ ಖಚಿತವಾದದ್ದು ಈ ಟಿಪ್ಪಣಿಯಿಂದ. ಹ್ಯಾರಿಸ್ ಬಗ್ಗೆ ನನಗೆ ಗೌರವವಿಲ್ಲ, ಆದರೆ ಇಡೀ ಕಡತದಲ್ಲಿ ಮಾಡಿದ್ದನ್ನು ಮಾಡಿದ ಹಾಗೇ ಹೇಳಲು ಸಿದ್ಧರಿದ್ದ ದೊಡ್ಡ ಅಧಿಕಾರಿ ಅವರೊಬ್ಬರೇ. ನಾಗರಿಕರನ್ನು ಬೇಕೆಂದೇ ಕೊಲ್ಲುವುದು ಧರ್ಮವೇ ಅಧರ್ಮವೇ ಎಂಬುದಕ್ಕೆ ತತ್ತ್ವಜ್ಞಾನಿಗಳ ಸಾಕ್ಷಿಗಿಂತ ನನಗೆ ಬಲವಾಗಿ ಕಂಡದ್ದು ಸಿಂಕ್ಲೇರ್ ಸಾಕ್ಷಿ. ತಮ್ಮ ಜನರ ಎದುರಿಗೆ ಹೇಳಲಾಗದ್ದನ್ನು ಅವರು ಜರ್ಮನ್ ಮಕ್ಕಳ ಮೇಲೆ ಮಾಡಲು ಒಪ್ಪಿದ್ದರು.

ಸಮಾಧಾನವಾಗದ ಧರ್ಮಗುರು ಒಬ್ಬರಿದ್ದರು. ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್. 1944ರ ಫೆಬ್ರವರಿ 9ರಂದು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅವರು ಮಾಡಿದ ಭಾಷಣ ಹ್ಯಾನ್ಸಾರ್ಡ್‌ನಲ್ಲಿದೆ. ಮೊದಲು ಹೊಡೆದವರು ಜರ್ಮನರೆಂದು ಅವರು ಆರಂಭದಲ್ಲೇ ಒಪ್ಪುತ್ತಾರೆ. ಕಾರ್ಖಾನೆಯ ಮೇಲೆ ದಾಳಿ ಮಾಡುವಾಗ ನಾಗರಿಕರು ಸಾಯುವುದನ್ನೂ ಯುದ್ಧದ ಅನಿವಾರ್ಯವೆಂದು ಒಪ್ಪುತ್ತಾರೆ. ಆದರೆ ಊರಿನೊಳಗೆ ಸೈನಿಕ ಗುರಿಗಳಿವೆ ಎಂಬ ಕಾರಣಕ್ಕೆ ಊರನ್ನೇ ಒರೆಸಿಹಾಕುವುದು ಬೇರೆ, ಸಾಧನಕ್ಕೂ ಸಾಧ್ಯಕ್ಕೂ ಒಂದು ಅಳತೆ ಇರಬೇಕು, ನಾವು ಹೋರಾಡುತ್ತಿರುವುದು ನ್ಯಾಯದ ಹೆಸರಿನಲ್ಲಿ ಎಂಬುದು ಅವರ ವಾದದ ಬೆನ್ನೆಲುಬು. ಬೆಲ್‌ಗೆ ಜರ್ಮನಿಯ ಒಳಗಿನ ಸಂಗತಿ ಗೊತ್ತಿತ್ತು. 1942ರಲ್ಲಿ ಸ್ವೀಡನ್ನಿನ ಸಿಗ್ಟುನಾದಲ್ಲಿ ಅವರು ಪಾದ್ರಿ ಡೀಟ್ರಿಖ್ ಬೊನ್‌ಹೋಫರ್ ಅವರನ್ನು ಭೇಟಿಯಾಗಿ, ಹಿಟ್ಲರನನ್ನು ಉರುಳಿಸಲು ಹೊರಟವರ ಹೆಸರುಗಳನ್ನು ತಂದು ವಿದೇಶಾಂಗ ಮಂತ್ರಿ ಆಂಥನಿ ಈಡನ್‌ಗೆ ಒಪ್ಪಿಸಿದ್ದರು. ಜರ್ಮನರೆಲ್ಲ ಒಂದೇ ಎಂದು ಬಾಂಬಿಗೆ ಮಾತ್ರ ಅನ್ನಿಸಲು ಸಾಧ್ಯ, ಬೆಲ್‌ಗೆ ಸಾಧ್ಯವಿರಲಿಲ್ಲ.

ಲಾರ್ಡ್ಸ್‌ನಲ್ಲಿ ಅವರ ಬೆನ್ನಿಗೆ ನಿಂತವರು ತೀರ ಕಡಿಮೆ. ಹೊರಗೆ ವೇರಾ ಬ್ರಿಟನ್ ಎಂಬ ಲೇಖಕಿ ಅದೇ ವರ್ಷ ಇದನ್ನೇ ಪುಸ್ತಿಕೆಯಾಗಿ ಬರೆದು ಎರಡೂ ದೇಶಗಳಲ್ಲಿ, ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ, ಬೈಸಿಕೊಂಡರು. ಮೊದಲ ಮಹಾಯುದ್ಧ ಅವರ ತಮ್ಮನನ್ನೂ ಮದುವೆಯಾಗಬೇಕಿದ್ದವನನ್ನೂ ಕೊಂದಿತ್ತು.

ಅವರಿಗೆ ಎದುರಾದ ವಾದಗಳಲ್ಲಿ ಗಂಭೀರವಾದದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಅವರದು, 1944ರ ಮೇ ತಿಂಗಳ ಟ್ರಿಬ್ಯೂನ್ ಪತ್ರಿಕೆಯಲ್ಲಿ. ಯುದ್ಧವೆಂದರೆ ಒಳ್ಳೆಯ ಗಟ್ಟಿಮುಟ್ಟಾದ ತರುಣರನ್ನು ಆರಿಸಿ ಕೊಲ್ಲುವ ವ್ಯವಸ್ಥೆ. ಬಾಂಬು ಆ ಸಾವನ್ನು ಎಲ್ಲರಿಗೂ ಹಂಚುತ್ತದೆ, ಅದರಲ್ಲಿ ಹೆಚ್ಚಿನ ಕ್ರೌರ್ಯವೇನು ಎಂದು ಅವರು ಕೇಳಿದರು. ಈ ಪ್ರಶ್ನೆಯನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಹದಿನೆಂಟರ ಸೈನಿಕನ ಜೀವವೂ ಜೀವವೇ. ಬಾಂಬರ್ ಕಮಾಂಡಿನಲ್ಲೇ 55,573 ವೈಮಾನಿಕರು ಸತ್ತರು, ಬಹುಪಾಲು ಇಪ್ಪತ್ತರ ಆಸುಪಾಸಿನವರು. ನೀತಿ ಅವರು ಆರಿಸಿಕೊಂಡದ್ದಲ್ಲ. ಆದರೂ ಸೈನಿಕನಿಗೆ ಒಂದು ಬಾಗಿಲಿದೆ. ಅವನು ಕೋವಿ ಕೆಳಗಿಟ್ಟು ಕೈಯೆತ್ತಬಹುದು, ಆಮೇಲೆ ಅವನನ್ನು ಕೊಲ್ಲುವುದು ಕೊಲೆ. ಹ್ಯಾಂಬರ್ಗಿನ ನೆಲಮಾಳಿಗೆಯಲ್ಲಿ ಕೂತ ಮಗು ಹದಿನೈದು ಸಾವಿರ ಅಡಿ ಮೇಲೆ ಹಾರುವ ವಿಮಾನಕ್ಕೆ ಶರಣಾಗುವುದು ಹೇಗೆ?

ದಾಳಿಗಳಿಂದ ಪ್ರಯೋಜನವೇ ಆಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಜರ್ಮನಿ ತನ್ನ ಸಾವಿರಾರು ಫಿರಂಗಿಗಳನ್ನೂ ಯುದ್ಧವಿಮಾನಗಳನ್ನೂ ಊರು ಕಾಯಲು ಇಟ್ಟುಕೊಳ್ಳಬೇಕಾಯಿತು. ದೇಶವೇ ಮುಳುಗುವ ಹೊತ್ತಿನಲ್ಲಿ ನಿಯಮ ಮೀರಬಹುದೆಂದು ಅಮೆರಿಕದ ಚಿಂತಕ ಮೈಕೆಲ್ ವಾಲ್ಜರ್ 1977ರಲ್ಲಿ ವಾದಿಸಿದರು, ಬ್ರಿಟನ್ನಿಗೆ 1940–41ರಲ್ಲಿ ಅಂಥ ಹೊತ್ತು ಬಂದಿತ್ತೆಂದರು. ಆ ಹೊತ್ತು ಕಳೆದ ಮೇಲೂ ದಾಳಿ ಮುಂದುವರಿದದ್ದನ್ನು ಅವರೂ ಒಪ್ಪುವುದಿಲ್ಲ. ಕಡತದ ಅಂಕಿಗಳು ಅಲ್ಲಿಯೇ ಇವೆ: ಬಾಂಬರ್ ಕಮಾಂಡ್ ಇಡೀ ಯುದ್ಧದಲ್ಲಿ ಹಾಕಿದ ಬಾಂಬಿನಲ್ಲಿ ಸುಮಾರು ಮುಕ್ಕಾಲು ಪಾಲು ಬಿದ್ದದ್ದು 1944 ಮತ್ತು 45ರಲ್ಲಿ. ಮುಳುಗುತ್ತಿದ್ದಾಗ ಬಾಂಬುಗಳಿರಲಿಲ್ಲ, ಬಾಂಬುಗಳು ಬಂದಾಗ ದೇಶ ಮುಳುಗುತ್ತಿರಲಿಲ್ಲ.

ಮಹಾಭಾರತದ ಸೌಪ್ತಿಕ ಪರ್ವ ನಮಗೆ ತಿಳಿದದ್ದೇ. ಅಶ್ವತ್ಥಾಮನ ದುಃಖ ಸುಳ್ಳಲ್ಲ. ಅವನ ತಂದೆಯನ್ನು ಸುಳ್ಳು ಹೇಳಿ, ಅಸ್ತ್ರ ಕೆಳಗಿಡಿಸಿ ಕೊಂದಿದ್ದರು. ಅಷ್ಟು ನಿಜವಾದ ಅನ್ಯಾಯವನ್ನು ಎದೆಯಲ್ಲಿಟ್ಟುಕೊಂಡು ಅವನು ರಾತ್ರಿ ಮಲಗಿದ್ದವರ ಶಿಬಿರಕ್ಕೆ ನುಗ್ಗಿದ. ಅವನ ದುಃಖವನ್ನು ಆ ಕಾವ್ಯ ಅಲ್ಲಗಳೆಯುವುದಿಲ್ಲ, ಅವನನ್ನು ಕ್ಷಮಿಸುವುದೂ ಇಲ್ಲ.

ಕೊನೆಯ ಕಾಗದಗಳು ಡ್ರೆಸ್ಡೆನ್ನಿನ ನಂತರದವು. 1945ರ ಫೆಬ್ರವರಿ 13ರಿಂದ 15ರವರೆಗೆ ನಡೆದ ದಾಳಿಯಲ್ಲಿ ಅಲ್ಲಿ ಸತ್ತವರು ಹೆಚ್ಚೆಂದರೆ 25 ಸಾವಿರ ಎಂದು ಆ ನಗರವೇ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ವರದಿ ಕೊಟ್ಟಿತು. ಲಕ್ಷ, ಎರಡು ಲಕ್ಷ ಎಂಬುದು ನಾಜಿ ಪ್ರಚಾರದಿಂದ ಬೆಳೆದ ಸಂಖ್ಯೆ. ಸತ್ತವರ ಲೆಕ್ಕವನ್ನು ಊದಿಸುವುದೂ ಅವರಿಗೆ ಮಾಡುವ ಅವಮಾನವೇ. ಮಿತ್ರರಾಷ್ಟ್ರಗಳು ಭೀತಿ ಹುಟ್ಟಿಸುವ ಬಾಂಬು ದಾಳಿಗೆ ಇಳಿದಿವೆ ಎಂದು ಸುದ್ದಿಸಂಸ್ಥೆಯೊಂದರ ವರದಿ ಹೊರಬಿತ್ತು. ಮಾರ್ಚ್ 6ರಂದು ಅದನ್ನು ಹಿಡಿದು ಸಂಸತ್ತಿನಲ್ಲಿ ಎದ್ದವರು ಮತ್ತೆ ಅದೇ ಸ್ಟೋಕ್ಸ್.

ಮಾರ್ಚ್ 28ರಂದು ಚರ್ಚಿಲ್ ಸೇನಾ ಮುಖ್ಯಸ್ಥರಿಗೆ ಟಿಪ್ಪಣಿ ಬರೆದರು. ಬೇರೆ ನೆಪಗಳ ಮರೆಯಲ್ಲಿ, ಭೀತಿ ಹೆಚ್ಚಿಸಲೆಂದೇ ಜರ್ಮನ್ ಊರುಗಳಿಗೆ ಬಾಂಬು ಹಾಕುವುದನ್ನು ಮರುಪರಿಶೀಲಿಸುವ ಸಮಯ ಬಂದಿದೆ ಎಂದು ಅದರಲ್ಲಿತ್ತು. ಭೀತಿ, ನೆಪ, ಎರಡನ್ನೂ ಪ್ರಧಾನಮಂತ್ರಿಯೇ ಬರೆದಿದ್ದರು. ಪೋರ್ಟಲ್ ಅದನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳಿದರು, ಚರ್ಚಿಲ್ ಒಪ್ಪಿದರು. ಏಪ್ರಿಲ್ 1ರಂದು ಹೊಸ ಟಿಪ್ಪಣಿ ಹೋಯಿತು. ಅದರಲ್ಲಿ ಭೀತಿಯ ಮಾತಿಲ್ಲ, ನೆಪದ ಮಾತಿಲ್ಲ. ಗೆದ್ದ ಮೇಲೆ ನಾವೇ ಆಳಬೇಕಾದ ದೇಶ ಪೂರ್ತಿ ಹಾಳಾಗಿ ನಮಗೇ ತೊಂದರೆಯಾದೀತೆಂಬ ಹಿತಾಸಕ್ತಿಯ ಮಾತಿದೆ. ಹಿಂತೆಗೆದ ಕಾಗದ ನಾಶವಾಗಲಿಲ್ಲ. 1961ರಲ್ಲಿ ಎರಡೂ ಅಚ್ಚಾದವು.

ಯುದ್ಧ ಮುಗಿದು ನ್ಯೂರೆಂಬರ್ಗಿನಲ್ಲಿ ವಿಚಾರಣೆ ನಡೆದಾಗ ಊರುಗಳ ಮೇಲೆ ಬಾಂಬು ಹಾಕಿದ್ದಕ್ಕೆಂದು ಯಾವ ಜರ್ಮನನಿಗೂ ಶಿಕ್ಷೆಯಾಗಲಿಲ್ಲ. ಗೆದ್ದವರು ಆ ಆರೋಪವನ್ನು ಎತ್ತುವ ಸ್ಥಿತಿಯಲ್ಲಿರಲಿಲ್ಲ. ಕವೆಂಟ್ರಿಯ 568 ಜನರಿಗೂ ನ್ಯಾಯ ಸಿಗದಂತೆ ಮಾಡಿದ್ದು ಹ್ಯಾಂಬರ್ಗ್.

ನಿಯಮ ಬರೆಯಲು ಇನ್ನೂ ಮೂರು ದಶಕ ಹಿಡಿಯಿತು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಪ್ರೋಟೊಕಾಲಿನ 51ನೆಯ ವಿಧಿ, ಪ್ರತೀಕಾರವೆಂದು ನಾಗರಿಕರ ಮೇಲೆ ದಾಳಿ ಮಾಡುವುದನ್ನು ಪೂರ್ತಿ ನಿಷೇಧಿಸುತ್ತದೆ. ಊರಿನೊಳಗಿನ ಬೇರೆಬೇರೆ ಸೈನಿಕ ಗುರಿಗಳನ್ನು ಒಂದೇ ಗುರಿಯೆಂದು ಎಣಿಸಿ ಬಾಂಬು ಸುರಿಯುವುದನ್ನೂ, ಸೈನಿಕ ಲಾಭಕ್ಕೆ ಮೀರಿ ನಾಗರಿಕರಿಗೆ ಹಾನಿಯಾಗುವ ದಾಳಿಯನ್ನೂ ನಿಷೇಧಿಸುತ್ತದೆ. ಬೆಲ್ ಕೇಳಿದ್ದು ಇಷ್ಟನ್ನೇ. ಬ್ರಿಟನ್ 1998ರಲ್ಲಿ ಇದನ್ನು ಅನುಮೋದಿಸಿತು. ಆದರೆ ಶತ್ರು ನಮ್ಮ ನಾಗರಿಕರ ಮೇಲೆ ಬೇಕೆಂದೇ ಗಂಭೀರ ದಾಳಿ ಮಾಡಿದರೆ, ಎಚ್ಚರಿಕೆ ಕೊಟ್ಟ ಮೇಲೂ ನಿಲ್ಲಿಸದಿದ್ದರೆ, ಸರ್ಕಾರದ ಅತ್ಯುನ್ನತ ಮಟ್ಟದಲ್ಲಿ ತೀರ್ಮಾನಿಸಿ ನಾವೂ ತಕ್ಕದ್ದು ಮಾಡುವ ಹಕ್ಕು ಇಟ್ಟುಕೊಂಡಿದ್ದೇವೆ ಎಂದು ಷರತ್ತು ಬರೆಯಿತು.

ಭಾರತ ಈ ಪ್ರೋಟೊಕಾಲಿಗೆ ಇಂದಿಗೂ ಸೇರಿಲ್ಲ. ಸೇರಬೇಕು, ಆ ಷರತ್ತಿಲ್ಲದೆ ಸೇರಬೇಕು. ನಮ್ಮ ಸಂಸತ್ತಿನಲ್ಲಿ ಸ್ಟೋಕ್ಸ್ ಕೇಳಿದ ಪ್ರಶ್ನೆಯನ್ನು ಕೇಳುವ ಸದಸ್ಯರೊಬ್ಬರಾದರೂ ಇರಬೇಕು, ಅವರು ಯಾವ ಪಕ್ಷದವರಾದರೂ ಸರಿ. ಅಂಥವರು ಎದ್ದು ನಿಂತ ದಿನ ಅವರನ್ನು ದೇಶದ್ರೋಹಿ ಎಂದು ಕರೆಯದಿರುವುದು ಓದುಗರಾದ ನಮ್ಮ ಪಾಲಿನ ಕೆಲಸ.